ಜೋಡಿ ಆಟದ ಜಾಕ್ ಬ್ರುನ್ಯೋನ್

ಒಂದೇ ಕೈಯಿಂದ ಚಪ್ಪಾಳೆಯಾಗದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಚಪ್ಪಾಳೆಯಾದ ಮೇಲೆ ಎಡಗೈಯನ್ನು ನೆನೆಯುವವರು ಯಾರು? ಕ್ರೀಡಾಪ್ರಪಂಚದಲ್ಲಿಯೂ ಹೀಗೆಯೇ ನಡೆದಿದೆ. ಒಬ್ಬನೇ ಆಡಿ ಗೆದ್ದವನ ಹೆಸರು ಮನೆಮಾತಾಗುತ್ತದೆ. ಇನ್ನೊಬ್ಬನ ಮಗ್ಗುಲಲ್ಲಿ ನಿಂತು ಗೆದ್ದವನ ಹೆಸರು ಆ ಇನ್ನೊಬ್ಬನ ಹೆಸರಿನ ಹಿಂದೆ ಬಂದು ನಿಲ್ಲುತ್ತದೆ. ಅಂತಹ ಒಬ್ಬ ಆಟಗಾರನ ಬಾಳನ್ನು ವಾಚಕರ ಮುಂದೆ ಇಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಆತನು ಫ್ರಾನ್ಸ್ ದೇಶದವನು. ಹೆಸರು ಜಾಕ್ ಬ್ರುನ್ಯೋನ್. ಆಡಿದ ಆಟ ಟೆನಿಸ್.

ಟೆನಿಸ್ ಅಂಕಣದ ಮೇಲೆ ಒಮ್ಮೆಯೂ ಕಾಲಿಡದ ನನಗೆ ಈತನ ಗೊಡವೆ ಏಕೆ ಬಂದಿತೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ನಾನು ಆಡುವುದು ಷಟಲ್ ಬ್ಯಾಡ್ಮಿಂಟನ್; ಅದರಲ್ಲಿಯೂ ಜೋಡಿ ಆಟ. ನಾನೂ ನನ್ನ ಜೊತೆಗಾರನೂ ಮೊದಲ ವರ್ಷದ ಬಿ.ಎ. ತರಗತಿಗೆ ಸೇರಿದಂದಿನಿಂದ ಕಾಲೇಜಿನ ಹಿಂದಿನ ಮಣ್ಣಿನ ಅಂಕಣದಲ್ಲಿ ಸಂಜೆಯೆಲ್ಲ ಜೊತೆಯಾಗಿ ಆಡುತ್ತ ಬಂದವರು. ಕಾಲೇಜಿನ ಪಂದ್ಯಗಳಲ್ಲಿ ಎರಡು ವರ್ಷ ನಮ್ಮದೇ ಗೆಲುವು. ಆದರೆ ಕಳೆದ ವರ್ಷ ಅಂತರ ಕಾಲೇಜು ಪಂದ್ಯಗಳಿಗೆ ತಂಡವನ್ನು ಆರಿಸಿದಾಗ ನನ್ನ ಜೊತೆಗಾರನ ಹೆಸರಿತ್ತು, ನನ್ನ ಹೆಸರಿರಲಿಲ್ಲ. ಆತನು ಒಬ್ಬನೇ ಆಡುವ ಆಟದಲ್ಲಿಯೂ ಗಟ್ಟಿಗ, ನಾನು ಅಲ್ಲ. ಜೋಡಿ ಆಟಕ್ಕೆ ಆತನ ಜೊತೆ ಬೇರೊಬ್ಬರನ್ನು ನಿಲ್ಲಿಸಿದರು. ಆ ದಿನ ಸಂಜೆ ನಾನು ಬ್ಯಾಟನ್ನು ಹಾಸ್ಟೆಲಿನ ಕೋಣೆಯ ಮೊಳೆಗೆ ತಗುಲಿಹಾಕಿದವನು ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಜೊತೆಗಾರನ ಸಂಗಡ ಮಾತನ್ನೂ ಕಡಿಮೆ ಮಾಡಿದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆಟವಿಲ್ಲದ ಸಂಜೆಗಳನ್ನು ಗ್ರಂಥಾಲಯದಲ್ಲಿ ಕಳೆಯುತ್ತಿದ್ದೆ. ಅಲ್ಲಿ ಒಂದು ದಿನ ಟೆನಿಸ್ ಆಟದ ಚರಿತ್ರೆಯನ್ನು ಕುರಿತ ಹಳೆಯ ಇಂಗ್ಲಿಷ್ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿ ನಾಲ್ವರು ಬಿಳಿಯುಡುಗೆಯ ತರುಣರು ಸಾಲಾಗಿ ನಿಂತ ಚಿತ್ರವಿತ್ತು. ಮೂವರ ವಿಷಯವಾಗಿ ಪುಟಗಟ್ಟಲೆ ಬರೆದಿತ್ತು. ನಾಲ್ಕನೆಯವನ ವಿಷಯವಾಗಿ ಕೆಲವೇ ಸಾಲು. ಆ ನಾಲ್ಕನೆಯವನೇ ಬ್ರುನ್ಯೋನ್. ಕೆಲವೇ ಸಾಲಿನವನು ಆ ಚಿತ್ರದಲ್ಲಿ ಏಕೆ ನಿಂತಿದ್ದಾನೆಂಬ ಕುತೂಹಲದಿಂದ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆನು.

ಬ್ರುನ್ಯೋನನು ಹುಟ್ಟಿದುದು 1895ನೆಯ ಇಸವಿ ಮೇ 11ರಂದು, ಪ್ಯಾರಿಸ್ ನಗರದಲ್ಲಿ. ಆತನಿಗೆ ಹತ್ತೊಂಬತ್ತು ತುಂಬಿದ ವರ್ಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಆಟಗಾರನ ಮೈಯಲ್ಲಿ ಕಸುವು ತುಂಬುವ ನಾಲ್ಕು ವರ್ಷಗಳು ಯೂರೋಪಿನಲ್ಲಿ ಆಟವೇ ಇಲ್ಲದೆ ಕಳೆದುವು. ವಿಂಬಲ್ಡನ್ ಪಂದ್ಯಾವಳಿಯೂ 1915ರಿಂದ 1918ರವರೆಗೆ ನಡೆಯಲಿಲ್ಲ. ಶಾಂತಿ ನೆಲಸಿ ಅಂಕಣಗಳು ಮತ್ತೆ ತೆರೆದಾಗ ಆತನಿಗೆ ಆಗಲೇ ಇಪ್ಪತ್ತನಾಲ್ಕು ವರ್ಷ. ಆಗಿನ ಫ್ರಾನ್ಸ್ ಟೆನಿಸ್ಸಿನಲ್ಲಿ ಅಂತಹ ಬಲಾಢ್ಯ ದೇಶವೇನೂ ಆಗಿರಲಿಲ್ಲ. 1921ರಲ್ಲಿ ನಮ್ಮ ಭಾರತವು ಮೊದಲ ಬಾರಿಗೆ ಡೇವಿಸ್ ಕಪ್ ಸ್ಪರ್ಧೆಗೆ ಇಳಿದಾಗ, ಪ್ಯಾರಿಸ್ ನಗರದಲ್ಲಿಯೇ ಫ್ರಾನ್ಸ್ ತಂಡವನ್ನು 4-1ರಿಂದ ಸೋಲಿಸಿತೆಂಬುದನ್ನು ನೆನೆದರೆ ವಾಚಕರಿಗೆ ಅಂದಿನ ಪರಿಸ್ಥಿತಿ ತಿಳಿದೀತು.

ಅದಾದ ಆರೇ ವರ್ಷಗಳಲ್ಲಿ ಅದೇ ಫ್ರಾನ್ಸ್ ಜಗತ್ತಿನ ಟೆನಿಸ್ ಕಿರೀಟವನ್ನು ಧರಿಸಿತು. ಆ ಕೆಲಸವನ್ನು ಮಾಡಿದವರು ಚಿತ್ರದಲ್ಲಿದ್ದ ನಾಲ್ವರು. ಅಲೆಗ್ಸಾಂದ್ರ್ ದ್ಯೂಮಾ ಬರೆದ ಸುಪ್ರಸಿದ್ಧ ಕಾದಂಬರಿಯಲ್ಲಿ ಬರುವ, ಒಬ್ಬರಿಗೊಬ್ಬರು ಪ್ರಾಣ ಕೊಡುವ ರಾಜಭಟರ ಹೆಸರನ್ನೇ ಜನರು ಇವರಿಗೆ ಇಟ್ಟು, ನಾಲ್ವರು ಮಸ್ಕೆಟಿಯರ್‌ಗಳೆಂದು ಕರೆದರು. ಇವರಲ್ಲಿ ಜಾನ್ ಬೊರೋತ್ರನು ಬಾಸ್ಕ್ ಪ್ರಾಂತದವನು. ತಲೆಗೆ ನೀಲಿ ಟೋಪಿ ಧರಿಸಿ ಅಂಕಣದ ತುಂಬ ಚಿಗರೆಯಂತೆ ನೆಗೆಯುತ್ತಿದ್ದವನು. ಆನ್ರಿ ಕೋಶೆಯು ಲಿಯೋನ್ ನಗರದ ಟೆನಿಸ್ ಸಂಘವೊಂದನ್ನು ನೋಡಿಕೊಳ್ಳುತ್ತಿದ್ದ ನೌಕರನ ಮಗ. ಚಿಕ್ಕಂದಿನಲ್ಲಿ ಅಲ್ಲಿಯೇ ಇತರರಿಗೆ ಚೆಂಡು ಹೆಕ್ಕಿಕೊಡುತ್ತ ಆಟವನ್ನು ಕಲಿತವನು. ರನೆ ಲಾಕೋಸ್ತನು ಎಲ್ಲರಿಗಿಂತ ಕಿರಿಯ. ಎದುರಾಳಿಗಳ ಗುಣದೋಷಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅಭ್ಯಾಸ ಮಾಡಿದವನು. ಇಂದು ಅಂಗಡಿಗಳಲ್ಲಿ ಮೊಸಳೆಯ ಗುರುತಿನ ಅಂಗಿಗಳನ್ನು ನೋಡುತ್ತೇವಲ್ಲ, ಅವು ಈತನ ಹೆಸರಿನವೇ. ನಾಲ್ವರಲ್ಲಿ ಹಿರಿಯವನು ಬ್ರುನ್ಯೋನ್. ಬೊರೋತ್ರನಿಗಿಂತ ಮೂರು, ಕೋಶೆಗಿಂತ ಆರು, ಲಾಕೋಸ್ತನಿಗಿಂತ ಒಂಬತ್ತು ವರ್ಷ ದೊಡ್ಡವನು. ಗೆಳೆಯರೆಲ್ಲ ಪ್ರೀತಿಯಿಂದ ಆತನನ್ನು ತೋತೋ ಎಂದು ಕರೆಯುತ್ತಿದ್ದರು.

ಉಳಿದ ಮೂವರು ಒಂಟಿ ಆಟದಲ್ಲಿ ಮಾಡಿದ ಸಾಧನೆಯನ್ನು ಎಣಿಸಿದರೆ ಬೆರಗಾಗುತ್ತದೆ. 1924ರಿಂದ 1929ರವರೆಗೆ ಆರು ವರ್ಷ ವಿಂಬಲ್ಡನ್ ಒಂಟಿ ಆಟದ ಪ್ರಶಸ್ತಿ ಈ ಮೂವರ ಕೈಯಲ್ಲಿಯೇ ಸುತ್ತಿತು. 1925ರಿಂದ 1932ರವರೆಗೆ ಎಂಟು ವರ್ಷ ಫ್ರೆಂಚ್ ಪ್ರಶಸ್ತಿಯೂ ಹಾಗೆಯೇ. ಜಗತ್ತಿನ ನಾಲ್ಕು ಮಹಾ ಪಂದ್ಯಾವಳಿಗಳ ಲೆಕ್ಕ ಹಿಡಿದರೆ ಕೋಶೆಗೆ 7, ಲಾಕೋಸ್ತನಿಗೆ 7, ಬೊರೋತ್ರನಿಗೆ 4 ಒಂಟಿ ಪ್ರಶಸ್ತಿಗಳು. ಬ್ರುನ್ಯೋನನಿಗೆ ಒಂದೂ ಇಲ್ಲ.

ಒಂದೂ ಇಲ್ಲವೆಂದ ಮಾತ್ರಕ್ಕೆ ಆತನಿಗೆ ಒಂಟಿ ಆಟ ಬರುತ್ತಿರಲಿಲ್ಲವೆಂದು ತಿಳಿಯಬಾರದು. 1926ರ ವಿಂಬಲ್ಡನ್‌ನಲ್ಲಿ ಕೊನೆಗುಳಿದ ನಾಲ್ವರಲ್ಲಿ ಮೂವರು ಫ್ರೆಂಚರು. ಬೊರೋತ್ರ, ಕೋಶೆ ಮತ್ತು ಬ್ರುನ್ಯೋನ್. ಬೊರೋತ್ರನು ಕೋಶೆಯನ್ನು ಸೋಲಿಸಿ ಅಂತಿಮ ಪಂದ್ಯಕ್ಕೆ ಏರಿದನು. ಬ್ರುನ್ಯೋನನು ಅಮೆರಿಕದ ಹೋವರ್ಡ್ ಕಿನ್ಸಿಯೊಡನೆ ಐದು ಸೆಟ್‌ಗಳವರೆಗೂ ಕಾದಾಡಿ ಕೊನೆಯ ಸೆಟ್ಟನ್ನು 9-7ರಿಂದ ಕಳೆದುಕೊಂಡನು. ಎರಡೇ ಎರಡು ಆಟಗಳ ಅಂತರ! ಅಂದು ಆತನು ಗೆದ್ದಿದ್ದರೆ ಗೆಳೆಯರಿಬ್ಬರೇ ಅಂತಿಮ ಪಂದ್ಯದಲ್ಲಿ ಎದುರುಬದುರು ನಿಲ್ಲುತ್ತಿದ್ದರು. ಅಂತಹ ಅವಕಾಶ ಆತನಿಗೆ ಮತ್ತೆ ಬರಲಿಲ್ಲ. ಆದರೆ ಅದೇ ಪಂದ್ಯಾವಳಿಯಲ್ಲಿ ಆತನು ಕೋಶೆಯ ಜೊತೆಗೂಡಿ ಜೋಡಿ ಆಟದ ಪ್ರಶಸ್ತಿಯನ್ನು ಗೆದ್ದನು. ಅಂತಿಮ ಪಂದ್ಯದಲ್ಲಿ ಎದುರಿಗಿದ್ದ ಇಬ್ಬರಲ್ಲಿ ಒಬ್ಬನು ಅದೇ ಕಿನ್ಸಿ.

ಇಲ್ಲಿ ಜೋಡಿ ಆಟದ ಸ್ವರೂಪವನ್ನು ಕುರಿತು ಒಂದೆರಡು ಮಾತು ಹೇಳುವುದು ಅಗತ್ಯ. ಟೆನಿಸ್ ಅಂಕಣದ ಉದ್ದ 78 ಅಡಿ. ಒಬ್ಬನೇ ಆಡುವಾಗ ಅದರ ಅಗಲ 27 ಅಡಿ. ಇಬ್ಬರು ಆಡುವಾಗ 36 ಅಡಿ. ಆಳು ಇಮ್ಮಡಿಯಾದರೂ ನೆಲ ಹೆಚ್ಚುವುದು ಒಂಬತ್ತೇ ಅಡಿ. ನಮ್ಮ ಷಟಲ್ ಅಂಕಣದಲ್ಲಂತೂ 17 ಅಡಿಯ ಅಗಲ 20 ಅಡಿಯಾಗುತ್ತದೆ, ಅಷ್ಟೆ. ಆದ್ದರಿಂದ ಜೋಡಿ ಆಟದಲ್ಲಿ ಬರಿಯ ಓಟದಿಂದಲೂ ಬಲದ ಹೊಡೆತದಿಂದಲೂ ಕೆಲಸವಾಗುವುದಿಲ್ಲ. ತೆರಪು ಇರುವುದು ಮುಖ್ಯವಾಗಿ ಒಂದೇ ಕಡೆ. ಅದು ಇಬ್ಬರ ನಡುವೆ. ನಡುವೆ ಬಂದ ಚೆಂಡು ಯಾರದು? ಇಬ್ಬರೂ ತಮ್ಮದೆಂದರೆ ಬ್ಯಾಟಿಗೆ ಬ್ಯಾಟು ತಾಗುತ್ತದೆ. ಇಬ್ಬರೂ ತಮ್ಮದಲ್ಲವೆಂದರೆ ಚೆಂಡು ನೆಲಕ್ಕೆ ಬೀಳುತ್ತದೆ. ಜಗಳಗಳೆಲ್ಲ ಹುಟ್ಟುವುದು ಅಲ್ಲಿಯೇ. ನಮ್ಮ ಜೋಡಿಯೂ ಎಷ್ಟೋ ಸಂಜೆ ಆ ನಡುವಿನ ಗೆರೆಯ ಮೇಲೆ ನಿಂತು ಒಬ್ಬರ ಮುಖವನ್ನೊಬ್ಬರು ಕೆಂಗಣ್ಣಿನಿಂದ ನೋಡಿಕೊಂಡದ್ದುಂಟು.

ಈ ನಡುವಿನ ಚೆಂಡನ್ನು ಬಲ್ಲವನು ಬ್ರುನ್ಯೋನ್. ಆತನದು ಅಬ್ಬರದ ಆಟವಲ್ಲ. ಎದುರಾಳಿಯ ಸರ್ವ್ ಎಷ್ಟೇ ಬಿರುಸಾಗಿದ್ದರೂ ಅದನ್ನು ಮರಳಿಸುವುದರಲ್ಲಿ ಆತನು ಎತ್ತಿದ ಕೈ. ಎದುರಾಳಿಗಳಿಬ್ಬರೂ ಬಲೆಯ ಬಳಿಗೆ ನುಗ್ಗಿದಾಗ ಅವರ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಿಂದಕ್ಕೆ ಹಾಕುವ ಹೊಡೆತದಲ್ಲಿಯೂ ಆತನು ನಿಪುಣನೆಂದು ಹೆಸರಾಗಿದ್ದನು. ತಾಳ್ಮೆ, ಸೌಜನ್ಯ, ಶಾಂತ ಸ್ವಭಾವ ಇವು ಆತನ ಗುಣಗಳು. ಜೋಡಿ ಆಟದಲ್ಲಿ ಎದುರಾಳಿಯ ಸರ್ವನ್ನು ಸಮರ್ಪಕವಾಗಿ ಮರಳಿಸಿಕೊಟ್ಟವನು ತನ್ನ ಜೊತೆಗಾರನಿಗೆ ಮುಂದಿನ ಹೊಡೆತದ ಅವಕಾಶವನ್ನು ಮಾಡಿಕೊಡುತ್ತಾನೆ. ಚಪ್ಪಾಳೆ ಬೀಳುವುದು ಆ ಮುಂದಿನ ಹೊಡೆತಕ್ಕೆ.

ಜೊತೆಗಾರರನ್ನು ಕುರಿತು ಯೋಚಿಸಿದಾಗ ಆತನ ಹಿರಿಮೆ ಇನ್ನೂ ಸ್ಪಷ್ಟವಾಗುತ್ತದೆ. ಮಹಾ ಪಂದ್ಯಾವಳಿಗಳಲ್ಲಿ ಪುರುಷರ ಜೋಡಿ ಆಟದ 10 ಪ್ರಶಸ್ತಿಗಳನ್ನು ಬ್ರುನ್ಯೋನನು ಗೆದ್ದನು; ಫ್ರಾನ್ಸಿನಲ್ಲಿ 5, ವಿಂಬಲ್ಡನ್‌ನಲ್ಲಿ 4, ಆಸ್ಟ್ರೇಲಿಯದಲ್ಲಿ 1. ಈ ಹತ್ತರಲ್ಲಿ 5 ಕೋಶೆಯ ಜೊತೆಯಲ್ಲಿ, 5 ಬೊರೋತ್ರನ ಜೊತೆಯಲ್ಲಿ. ಕೋಶೆಯದು ಕೊನೆಯ ಗಳಿಗೆಯವರೆಗೆ ನಿದ್ರಿಸಿದಂತಿದ್ದು ಒಮ್ಮೆಲೇ ಕಿಡಿಕಾರುವ ಪ್ರತಿಭೆಯ ಆಟ. ಬೊರೋತ್ರನದು ಮೊದಲಿನಿಂದಲೂ ನುಗ್ಗಾಟ. ಒಬ್ಬನು ನೀರಿನಂತೆ, ಇನ್ನೊಬ್ಬನು ಬಿರುಗಾಳಿಯಂತೆ. ಇಬ್ಬರಿಗೂ ಸರಿಸಮನಾಗಿ ಹೊಂದಿಕೊಂಡು ಇಬ್ಬರೊಡನೆಯೂ ಸಮಸಮನಾಗಿ ಗೆಲ್ಲುವುದು ಸುಲಭದ ಮಾತಲ್ಲ. ಸುಜಾನ್ ಲಾಂಗ್ಲೆನಳೆಂಬ ಜಗದ್ವಿಖ್ಯಾತ ಆಟಗಾರ್ತಿಯ ಜೊತೆಯಲ್ಲಿಯೂ ಆತನು 1925 ಮತ್ತು 1926ರಲ್ಲಿ ಫ್ರೆಂಚ್ ಮಿಶ್ರ ಜೋಡಿಯ ಪ್ರಶಸ್ತಿಯನ್ನು ಗೆದ್ದನು. ಅಂದಿನ ಮಹಿಳಾ ಟೆನಿಸ್ಸಿಗೆ ಆಕೆಯೇ ರಾಣಿ. ಅಂತಹವಳ ಮಗ್ಗುಲಲ್ಲಿ ನಿಂತವನತ್ತ ಪ್ರೇಕ್ಷಕರ ಕಣ್ಣು ಹೊರಳುವುದು ಅಪರೂಪವೇ ಸರಿ.

ಇದಕ್ಕೆ ಮೊದಲು, 1924ರಲ್ಲಿ, ಪ್ಯಾರಿಸ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಕೋಶೆ ಮತ್ತು ಬ್ರುನ್ಯೋನ್ ಜೋಡಿ ಆಟದ ಅಂತಿಮ ಪಂದ್ಯಕ್ಕೆ ಬಂದು, ಅಮೆರಿಕದ ವಿನ್ಸೆಂಟ್ ರಿಚರ್ಡ್ಸ್ ಮತ್ತು ಫ್ರಾನ್ಸಿಸ್ ಹಂಟರ್ ಎಂಬವರಿಗೆ ಐದನೆಯ ಸೆಟ್ಟಿನಲ್ಲಿ ಸೋತು ಬೆಳ್ಳಿಯ ಪದಕವನ್ನು ಪಡೆದರು. ಕಂಚಿನ ಪದಕವನ್ನು ಪಡೆದವರು ಬೊರೋತ್ರ ಮತ್ತು ಲಾಕೋಸ್ತ್. ಅಂದು ಪುರುಷರ ಜೋಡಿ ಆಟದಲ್ಲಿ ಪದಕ ಪಡೆದ ಫ್ರೆಂಚರು ಆ ನಾಲ್ವರೇ ಎಂಬುದನ್ನು ಗಮನಿಸಬೇಕು. 1927ರ ಫ್ರೆಂಚ್ ಪಂದ್ಯಾವಳಿಯಲ್ಲಿ ಈ ಎರಡು ಜೋಡಿಗಳೂ ಅಂತಿಮ ಪಂದ್ಯದಲ್ಲಿ ಎದುರಾದುವು. ಐದು ಸೆಟ್‌ಗಳ ಸೆಣಸಾಟದ ಬಳಿಕ ಕೋಶೆ ಮತ್ತು ಬ್ರುನ್ಯೋನರು ಗೆದ್ದರು.

1927ನೆಯ ವರ್ಷವು ಬ್ರುನ್ಯೋನನ ಬಾಳಿನಲ್ಲಿ ಸಿಹಿಕಹಿಗಳೆರಡನ್ನೂ ತಂದಿತು. ಆ ವರ್ಷದ ವಿಂಬಲ್ಡನ್‌ನಲ್ಲಿ ಕೋಶೆಯು ಒಂಟಿ ಆಟದ ಕೊನೆಯ ಮೂರು ಪಂದ್ಯಗಳಲ್ಲಿಯೂ ಮೊದಲ ಎರಡು ಸೆಟ್ ಸೋತು, ಮುಂದಿನ ಮೂರನ್ನು ಗೆದ್ದು ಪ್ರಶಸ್ತಿಯನ್ನು ಪಡೆದನು. ಅಮೆರಿಕದ ಮಹಾ ಆಟಗಾರ ಬಿಲ್ ಟಿಲ್ಡನ್ನನ ಎದುರಿಗೆ ಮೂರನೆಯ ಸೆಟ್ಟಿನಲ್ಲಿ 1-5ರಷ್ಟು ಹಿಂದೆ ಬಿದ್ದಿದ್ದವನು ಅಲ್ಲಿಂದ ಮೇಲೆದ್ದು ಗೆದ್ದ ಕಥೆಯನ್ನು ಟೆನಿಸ್ ಬಲ್ಲವರು ಇಂದಿಗೂ ಹೇಳುತ್ತಾರೆ. ಆದರೆ ಅದೇ ಪಂದ್ಯಾವಳಿಯ ಜೋಡಿ ಆಟದಲ್ಲಿ ವಿಧಿ ಆ ಲೆಕ್ಕವನ್ನು ತಿರುಗಿಸಿ ಚುಕ್ತಾ ಮಾಡಿತು. ಕೋಶೆ ಮತ್ತು ಬ್ರುನ್ಯೋನರು ಟಿಲ್ಡನ್ ಮತ್ತು ಹಂಟರರ ಎದುರು ಮೊದಲ ಎರಡು ಸೆಟ್ ಗೆದ್ದಿದ್ದರು. ಪ್ರಶಸ್ತಿಗೆ ಒಂದೇ ಅಂಕ ಸಾಕೆಂಬ ಗಳಿಗೆ ಎರಡು ಸಲ ಬಂದಿತು. ಎರಡು ಸಲವೂ ಕೈತಪ್ಪಿತು. ಕೊನೆಗೆ ಅಮೆರಿಕನರೇ ಗೆದ್ದರು. ಕೋಶೆಗಾದರೋ ಒಂಟಿ ಆಟದ ಪ್ರಶಸ್ತಿ ಇತ್ತು. ಬ್ರುನ್ಯೋನನು ಬರಿಗೈಯಲ್ಲಿ ಹಿಂದಿರುಗಿದನು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೇವಿಸ್ ಕಪ್ಪಿಗಾಗಿ ಫ್ರೆಂಚರು ಅಮೆರಿಕದ ಫಿಲಡೆಲ್ಫಿಯ ನಗರಕ್ಕೆ ಹೋದರು. ಈ ಕಪ್ಪು 1920ರಿಂದ ಏಳು ವರ್ಷ ಅಮೆರಿಕದಲ್ಲಿಯೇ ಇತ್ತು. ಅಂದಿನ ಪದ್ಧತಿಯಂತೆ ಮೊದಲ ದಿನ ಎರಡು ಒಂಟಿ ಆಟ, ಎರಡನೆಯ ದಿನ ಒಂದು ಜೋಡಿ ಆಟ, ಮೂರನೆಯ ದಿನ ಮತ್ತೆರಡು ಒಂಟಿ ಆಟ. ಐದರಲ್ಲಿ ಮೂರು ಗೆದ್ದವರಿಗೆ ಕಪ್ಪು. ಮೊದಲ ದಿನ ಲಾಕೋಸ್ತನು ಬಿಲ್ ಜಾನ್‌ಸ್ಟನ್ನನನ್ನು ಗೆದ್ದನು; ಟಿಲ್ಡನ್ನನು ಕೋಶೆಯನ್ನು ಗೆದ್ದನು. ಎರಡನೆಯ ದಿನ ಬೊರೋತ್ರ ಮತ್ತು ಬ್ರುನ್ಯೋನರು ಟಿಲ್ಡನ್ ಮತ್ತು ಹಂಟರರನ್ನು ಎದುರಿಸಿದರು. ನಾಲ್ಕು ಸೆಟ್ ಮುಗಿದಾಗ ಎರಡೂ ಪಕ್ಷ ಸಮಸಮ. ಐದನೆಯದನ್ನು ಅಮೆರಿಕನರು 6-0ರಿಂದ ಬಾಚಿಕೊಂಡರು. ಅಮೆರಿಕಕ್ಕೆ 2, ಫ್ರಾನ್ಸಿಗೆ 1.

ಪತ್ರಿಕೆಯ ಲೆಕ್ಕದಲ್ಲಿ ಅದು ಬ್ರುನ್ಯೋನನ ಸೋಲು. ಆದರೆ ಟಿಲ್ಡನ್ನನಿಗೆ ಆಗ ಮೂವತ್ತನಾಲ್ಕು ವರ್ಷ. ಮೊದಲ ದಿನ ಕೋಶೆಯೊಡನೆ ಆಡಿ, ಎರಡನೆಯ ದಿನ ಐದು ಸೆಟ್ ಆಡಿ, ಮೂರನೆಯ ದಿನ ಆತನು ತನಗಿಂತ ಹನ್ನೊಂದು ವರ್ಷ ಕಿರಿಯನಾದ ಲಾಕೋಸ್ತನ ಎದುರು ನಿಲ್ಲಬೇಕಾಯಿತು. ಲಾಕೋಸ್ತನೋ ಎರಡನೆಯ ದಿನ ವಿಶ್ರಾಂತಿಯಲ್ಲಿದ್ದವನು. ನಾಲ್ಕು ಸೆಟ್ಟಿನಲ್ಲಿ ಲಾಕೋಸ್ತನು ಗೆದ್ದನು. ಅನಂತರ ಕೋಶೆಯು ಜಾನ್‌ಸ್ಟನ್ನನನ್ನು ಸೋಲಿಸಿದನು. ಕಪ್ಪು ಮೊದಲ ಬಾರಿಗೆ ಫ್ರಾನ್ಸಿಗೆ ಬಂದಿತು. ಗೆದ್ದವರೆಂದು ಚರಿತ್ರೆ ಬರೆದದ್ದು ಲಾಕೋಸ್ತ್ ಮತ್ತು ಕೋಶೆಯರ ಹೆಸರನ್ನು. ಟಿಲ್ಡನ್ನನ ಕಾಲಿನ ಕಸುವನ್ನು ಐದು ಸೆಟ್ಟುಗಳಷ್ಟು ಹೊತ್ತು ಹೀರಿದವರು ಆ ಸೋತ ಇಬ್ಬರೆಂಬುದನ್ನು ಮರೆಯಲಾಗದು. ಈ ಭಾಗವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ಮರುವರ್ಷ ಆ ಕಪ್ಪನ್ನು ಉಳಿಸಿಕೊಳ್ಳುವ ಪಂದ್ಯಕ್ಕಾಗಿಯೇ ಪ್ಯಾರಿಸ್ಸಿನಲ್ಲಿ ಹೊಸ ಕ್ರೀಡಾಂಗಣವೊಂದನ್ನು ಕಟ್ಟಿದರು. 1913ರಲ್ಲಿ ವಿಮಾನದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ದಾಟಿ, 1918ರ ಯುದ್ಧದಲ್ಲಿ ಮಡಿದ ವೀರ ರೋಲಾನ್ ಗರೋಸನ ಹೆಸರನ್ನು ಅದಕ್ಕಿಟ್ಟರು. 1928 ಬ್ರುನ್ಯೋನನಿಗೆ ಸುಗ್ಗಿಯ ವರ್ಷ. ಬೊರೋತ್ರನ ಜೊತೆಯಲ್ಲಿ ಆಸ್ಟ್ರೇಲಿಯದ ಪ್ರಶಸ್ತಿ, ಆತನ ಜೊತೆಯಲ್ಲಿಯೇ ಫ್ರೆಂಚ್ ಪ್ರಶಸ್ತಿ, ಕೋಶೆಯ ಜೊತೆಯಲ್ಲಿ ವಿಂಬಲ್ಡನ್ ಪ್ರಶಸ್ತಿ. ಒಂದೇ ವರ್ಷದಲ್ಲಿ ನಾಲ್ಕರಲ್ಲಿ ಮೂರು! ಆದರೆ ಹೊಸ ಕ್ರೀಡಾಂಗಣದಲ್ಲಿ ಅಮೆರಿಕನರೊಡನೆ ನಡೆದ ಕಪ್ಪಿನ ಪಂದ್ಯದಲ್ಲಿ ಜೋಡಿ ಆಟಕ್ಕೆ ಇಳಿದವರು ಕೋಶೆ ಮತ್ತು ಬೊರೋತ್ರ. ಆ ವರ್ಷ ಇಬ್ಬರನ್ನೂ ಬೇರೆ ಬೇರೆಯಾಗಿ ಗೆಲುವಿಗೆ ಜೊತೆಗೊಂಡವನು ಹೊರಗುಳಿದನು. 1929ರಲ್ಲಿಯೂ ಹಾಗೆಯೇ ಆಯಿತು.

ವಾಚಕರೇ, ನನ್ನ ಹೆಸರಿಲ್ಲದ ಪಟ್ಟಿಯನ್ನು ನೋಡಿ ಬ್ಯಾಟನ್ನು ಮೊಳೆಗೆ ತಗುಲಿಹಾಕಿದ ನನಗೆ ಇದನ್ನು ಓದಿದಾಗ ಏನನ್ನಿಸಿರಬೇಕೆಂಬುದನ್ನು ನೀವೇ ಊಹಿಸಿರಿ. ಜಗತ್ತಿನ ಮೂರು ಮಹಾ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದವನು ತನ್ನ ಊರಿನ ಅಂಕಣದಲ್ಲಿ, ತನ್ನದೇ ಆದ ಆಟದಲ್ಲಿ, ಇತರರು ಆಡುವುದನ್ನು ನೋಡಬೇಕಾಯಿತು. ಆತನ ಮನಸ್ಸಿನಲ್ಲಿ ಏನಿತ್ತೋ ಆತನಿಗೇ ಗೊತ್ತು. ಆತನು ಮಾಡಿದ್ದೇನೆಂಬುದು ಮಾತ್ರ ಲೋಕಕ್ಕೆ ತಿಳಿದಿದೆ. ಆತನು ಆಟವನ್ನು ಬಿಡಲಿಲ್ಲ, ಗೆಳೆಯರನ್ನೂ ಬಿಡಲಿಲ್ಲ. 1930ರಲ್ಲಿ ಕೋಶೆಯ ಜೊತೆಯಲ್ಲಿ ಫ್ರೆಂಚ್ ಪ್ರಶಸ್ತಿಯನ್ನು ಗೆದ್ದನು. ಅದೇ ವರ್ಷ ಡೇವಿಸ್ ಕಪ್ಪಿನ ಅಂತಿಮ ಹೋರಾಟದಲ್ಲಿ ಮತ್ತೆ ಅಂಕಣಕ್ಕಿಳಿದು, ಕೋಶೆಯೊಡನೆ ಅಮೆರಿಕದ ಅಲಿಸನ್ ಮತ್ತು ವಾನ್ ರಿನ್ ಜೋಡಿಯನ್ನು ಸೋಲಿಸಿದನು.

1931ರಲ್ಲಿ ಇಂಗ್ಲೆಂಡಿನವರು ಕಪ್ಪಿಗಾಗಿ ಪ್ಯಾರಿಸ್ಸಿಗೆ ಬಂದರು. ಬೊರೋತ್ರನು ತನ್ನ ಎರಡು ಒಂಟಿ ಆಟಗಳನ್ನೂ ಸೋತನು. ಕೋಶೆಯು ತನ್ನ ಎರಡನ್ನೂ ಗೆದ್ದನು. ಒಟ್ಟು ಲೆಕ್ಕ 3-2. ಆ ಮೂರನೆಯ ಗೆಲುವು ಎಲ್ಲಿಂದ ಬಂದಿತು? ಕೋಶೆ ಮತ್ತು ಬ್ರುನ್ಯೋನರ ಜೋಡಿ ಆಟದಿಂದ. ಆ ಒಂದು ಪಂದ್ಯ ಹೋಗಿದ್ದರೆ ಕಪ್ಪು ಆ ವರ್ಷವೇ ಕಡಲ್ಗಾಲುವೆಯನ್ನು ದಾಟುತ್ತಿತ್ತು. 1932ರಲ್ಲಿ ಕೋಶೆ ಮತ್ತು ಬ್ರುನ್ಯೋನರು ಜೋಡಿ ಆಟವನ್ನು ಸೋತರೂ ಬೊರೋತ್ರನ ಸಾಹಸದಿಂದ ಕಪ್ಪು ಉಳಿಯಿತು. ಒಬ್ಬನು ಸೋತ ದಿನ ಇನ್ನೊಬ್ಬನು ಹೆಗಲು ಕೊಟ್ಟು, 1927ರಿಂದ 1932ರವರೆಗೆ ಆರು ವರ್ಷ ಫ್ರೆಂಚರು ಅದನ್ನು ಕಾಪಾಡಿದರು. 1933ರಲ್ಲಿ ಫ್ರೆಡ್ ಪೆರಿಯ ಆಟದ ಬಲದಿಂದ ಇಂಗ್ಲೆಂಡ್ ಅದನ್ನು 3-2ರಿಂದ ಕಸಿದುಕೊಂಡಿತು. ಆ ಸೋಲಿನಲ್ಲಿಯೂ ಫ್ರಾನ್ಸಿಗೆ ಬಂದ ಎರಡು ಗೆಲುವುಗಳಲ್ಲಿ ಒಂದು ಬೊರೋತ್ರ ಮತ್ತು ಬ್ರುನ್ಯೋನರದು. ಆಗ ಬ್ರುನ್ಯೋನನಿಗೆ ಮೂವತ್ತೆಂಟು ವರ್ಷ.

ವಯಸ್ಸಾದಂತೆ ಒಂಟಿ ಆಟಗಾರನ ಕಾಲು ಸೋಲುತ್ತದೆ. ಲಾಕೋಸ್ತನು ಅನಾರೋಗ್ಯದಿಂದ 1929ರ ಬಳಿಕ ಬಹುಮಟ್ಟಿಗೆ ಆಟದಿಂದ ದೂರವಾಗಿದ್ದನು. ಕೋಶೆಯು 1933ರಲ್ಲಿ ವೃತ್ತಿಪರ ಆಟಗಾರರ ಗುಂಪಿಗೆ ಸೇರಿದನು. ಎಲ್ಲರಿಗಿಂತ ಹಿರಿಯನಾದ ಬ್ರುನ್ಯೋನನು ಮಾತ್ರ ಜೋಡಿ ಆಟದಲ್ಲಿ ಗೆಲ್ಲುತ್ತಲೇ ಇದ್ದನು. 1932ರಲ್ಲಿ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಬೊರೋತ್ರನೊಡನೆ ಪೆರಿ ಮತ್ತು ಹ್ಯೂಸ್ ಜೋಡಿಯನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದನು. ಪೆರಿಗೆ ಆಗ ಇಪ್ಪತ್ತಮೂರು, ಬ್ರುನ್ಯೋನನಿಗೆ ಮೂವತ್ತೇಳು. 1933ರಲ್ಲಿ ಜಪಾನಿನ ಸಾತೋ ಮತ್ತು ನುನೋಯಿಯರನ್ನು ಸೋಲಿಸಿ ವಿಂಬಲ್ಡನ್ ಪ್ರಶಸ್ತಿಯನ್ನು ನಾಲ್ಕನೆಯ ಸಲ ಪಡೆದನು. 1934ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೊರೋತ್ರನೊಡನೆ ಫ್ರೆಂಚ್ ಪ್ರಶಸ್ತಿಯನ್ನು ಕೊನೆಯ ಬಾರಿಗೆ ಗೆದ್ದನು. ಎದುರಿಗಿದ್ದವರು ಆಸ್ಟ್ರೇಲಿಯದ ಜಾಕ್ ಕ್ರಾಫರ್ಡ್ ಮತ್ತು ವಿವಿಯನ್ ಮೆಗ್ರಾತ್. ಐದನೆಯ ಸೆಟ್ಟು ಮುಗಿದದ್ದು 9-7ಕ್ಕೆ. ಎಂಟು ವರ್ಷಗಳ ಹಿಂದೆ ವಿಂಬಲ್ಡನ್ ಒಂಟಿ ಆಟದಲ್ಲಿ ಆತನನ್ನು ಹೊರದೂಡಿದ ಅಂಕಿಯೂ ಅದೇ 9-7. ಈ ಸಲ ಅದು ಆತನ ಕಡೆಗೆ ಒಲಿದಿತ್ತು.

1976ರಲ್ಲಿ ಅಮೆರಿಕದಲ್ಲಿರುವ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಮಂದಿರಕ್ಕೆ ಈ ನಾಲ್ವರನ್ನೂ ಒಟ್ಟಿಗೆ ಸೇರಿಸಿದರು. 1978ರ ಮಾರ್ಚ್ 20ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಬ್ರುನ್ಯೋನನು ತೀರಿಕೊಂಡನು. ನಾಲ್ವರಲ್ಲಿ ಮೊದಲು ಹೊರಟವನು ಆತನೇ. ಕೋಶೆಯು 1987ರಲ್ಲಿಯೂ ಬೊರೋತ್ರನು 1994ರಲ್ಲಿಯೂ ಲಾಕೋಸ್ತನು 1996ರಲ್ಲಿಯೂ ಆತನನ್ನು ಹಿಂಬಾಲಿಸಿದರು.

ಪ್ಯಾರಿಸ್ಸಿನ ರೋಲಾನ್ ಗರೋಸ್ ಕ್ರೀಡಾಂಗಣದ ಮುಖ್ಯ ಅಂಕಣದ ಸುತ್ತ ನಾಲ್ಕು ಕಡೆ ಪ್ರೇಕ್ಷಕರು ಕೂರುವ ನಾಲ್ಕು ಅಟ್ಟಣೆಗಳಿವೆ. ನಾಲ್ಕಕ್ಕೂ ಈ ನಾಲ್ವರ ಹೆಸರು. ಅಲ್ಲಿ ಒಂಟಿ ಆಟವನ್ನು ಗೆದ್ದ ಪುರುಷನಿಗೆ ಕೊಡುವ ಕಪ್ಪಿಗೆ ಮಸ್ಕೆಟಿಯರ್‌ಗಳ ಕಪ್ಪೆಂದು ಹೆಸರು. ಎಂದರೆ ಒಂದೂ ಒಂಟಿ ಪ್ರಶಸ್ತಿಯನ್ನು ಗೆಲ್ಲದ ಬ್ರುನ್ಯೋನನಿಗೂ ಅದರಲ್ಲಿ ಕಾಲು ಪಾಲು. ಪುರುಷರ ಜೋಡಿ ಆಟದ ಕಪ್ಪಿಗಂತೂ ಜಾಕ್ ಬ್ರುನ್ಯೋನ್ ಕಪ್ಪೆಂದೇ ಹೆಸರು, ಅದು ಆತನೊಬ್ಬನದೇ. ನಮ್ಮ ದೇಶದ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿಯರು 1999ರಲ್ಲಿಯೂ 2001ರಲ್ಲಿಯೂ ಗೆದ್ದದ್ದು ಅದೇ ಪ್ರಶಸ್ತಿಯನ್ನು. 1928ರಲ್ಲಿ ಬ್ರುನ್ಯೋನನು ಬೊರೋತ್ರನೊಡನೆ ಗೆದ್ದ ಆಸ್ಟ್ರೇಲಿಯದ ಜೋಡಿ ಪ್ರಶಸ್ತಿಯನ್ನು 2024ರಲ್ಲಿ ಗೆದ್ದ ಜೋಡಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನವರಿದ್ದರು. ಅವರಿಗೆ ಆಗ ನಲವತ್ತಮೂರು ವರ್ಷ. ಬ್ರುನ್ಯೋನನಿದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದನೆಂದು ನನಗೆ ತೋರುತ್ತದೆ.

ರಜೆಗೆ ಊರಿಗೆ ಹೋದಾಗ ತಂದೆಯವರು ಹೊಲದಲ್ಲಿ ನೇಗಿಲು ಹೂಡುವುದನ್ನು ನೋಡುತ್ತ ನಿಂತಿದ್ದೆ. ನಮ್ಮ ಎರಡು ಎತ್ತುಗಳಲ್ಲಿ ಬಲಗಡೆಯದು ಚುರುಕು. ದಾರಿಹೋಕರೆಲ್ಲ ಹೊಗಳುವುದು ಅದನ್ನೇ. ಸಾಲು ನೆಟ್ಟಗೆ ಬರುವುದು ಮಾತ್ರ ಎಡಗಡೆಯ ಸಮಾಧಾನದ ಎತ್ತಿನಿಂದಲೆಂದು ತಂದೆಯವರು ಅದರ ಬೆನ್ನು ಸವರುತ್ತ ಹೇಳಿದರು. ಅವರಿಗೆ ಬ್ರುನ್ಯೋನನ ಹೆಸರು ತಿಳಿಯದು. ನಾನೂ ಹೇಳಲು ಹೋಗಲಿಲ್ಲ.

ಕಾಲೇಜಿಗೆ ಹಿಂದಿರುಗಿದ ದಿನವೇ ಬ್ಯಾಟನ್ನು ಮೊಳೆಯಿಂದ ಇಳಿಸಿ, ಸಡಿಲವಾಗಿದ್ದ ತಂತಿಗಳನ್ನು ಬಿಗಿಮಾಡಿಸಿ, ಸಂಜೆ ಅಂಕಣಕ್ಕೆ ಹೋದೆನು. ನನ್ನ ಜೊತೆಗಾರನು ಒಬ್ಬನೇ ಗೋಡೆಗೆ ಹೊಡೆದು ಅಭ್ಯಾಸ ಮಾಡುತ್ತಿದ್ದನು. ಅಂತರ ಕಾಲೇಜು ಪಂದ್ಯದಲ್ಲಿ ಆತನು ಎರಡನೆಯ ಸುತ್ತಿನಲ್ಲಿ ಸೋತದ್ದನ್ನು ಆಗಲೇ ಕೇಳಿದ್ದೆ. ಅದರ ವಿಷಯವನ್ನು ಆತನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಿರಿಯ ತರಗತಿಯ ಇಬ್ಬರು ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು ಆಡಿದೆವು. ಮೊದಲನೆಯ ಹೊಡೆತವೇ ನಮ್ಮಿಬ್ಬರ ನಡುವೆ ಬಂದಿತು. ಎಂದಿನಂತೆ ಇಬ್ಬರೂ ತಡೆದು ನಿಂತೆವು. ಷಟಲ್ ನೆಲಕ್ಕೆ ಬಿದ್ದಿತು. ಎದುರಿನ ಹುಡುಗರು ನಕ್ಕರು. ಎರಡನೆಯದೂ ಅಲ್ಲಿಗೇ ಬಂದಿತು. ಈ ಸಲ ನಾನು ಅದನ್ನು ತಗ್ಗಿನಲ್ಲಿ ಬಲೆಯ ಅಂಚಿಗೆ ಮರಳಿಸಿದೆನು. ಆ ಹುಡುಗನು ತಡವರಿಸಿ ಎತ್ತಿಕೊಟ್ಟದ್ದನ್ನು ನನ್ನ ಜೊತೆಗಾರನು ಒಂದೇ ಏಟಿಗೆ ಕೆಳಗಿಳಿಸಿದನು. ಅಂಕಣದ ಅಂಚಿನಲ್ಲಿ ನಿಂತಿದ್ದವರೆಲ್ಲ ಆತನ ಹೆಸರನ್ನು ಕೂಗಿ ಚಪ್ಪಾಳೆ ತಟ್ಟಿದರು. ಆತನು ತಿರುಗಿ ನನ್ನ ಕಡೆಗೆ ನೋಡಿ ತಲೆಯಾಡಿಸಿದನು.

ಸಹಪಾಠಿ ಮಿತ್ರರೇ, ಈ ವರ್ಷದ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಅದರಲ್ಲಿ ನನ್ನ ಹೆಸರಿರುವುದೋ ಇಲ್ಲವೋ ಬಲ್ಲವರಿಲ್ಲ. ಇಲ್ಲದಿದ್ದರೆ ಒಂದು ದಿನ ಬೇಸರವಾಗುವುದು ಸಹಜ. ಮರುದಿನ ಸಂಜೆ ಐದು ಗಂಟೆಗೆ ನಾನು ಅಂಕಣದಲ್ಲಿಯೇ ಇರುತ್ತೇನೆ.